ಬಿದ್ದ ಮರದ ತನಕ

ಮೊದಲೇ ಹೇಳಿಬಿಡುತ್ತೇನೆ, ಅವ್ವನ ತಲೆ ಕೆಡಿಸಿದವಳು ನಾನಲ್ಲ. ಉಗಾರ ಬುದ್ರುಕದ ಪಕ್ಕದ ನಮ್ಮ ಊರಿನಲ್ಲಿ ಇವತ್ತಿಗೂ ಹಾಗೆಂದೇ ಮಾತಾಡುತ್ತಾರೆ. "ನಿಪ್ಪಾಣಿಯೊಳಗ ಸಾಲಿ ಕಲಸ್ತಾಳಲ್ಲ, ಗಂಡನ್ನ ಬಿಟ್ಟಾಕಿ, ಅಕಿನ ಮುದುಕಿನ್ನ ದ್ವೀಪಕ್ಕ ಎಳಕೊಂಡ ಹೋದ್ಲು" ಅಂತ. ಗಂಡನನ್ನು ಬಿಟ್ಟದ್ದು ನಿಜ, ಶಾಲೆಯಲ್ಲಿ ಕಲಿಸುವುದೂ ನಿಜ. ಎಳೆದುಕೊಂಡು ಹೋದೆ ಅನ್ನುವುದು ಮಾತ್ರ ಶುದ್ಧ ಸುಳ್ಳು. ಎಳೆದವಳು ಎಪ್ಪತ್ತಮೂರು ವರ್ಷದ ನನ್ನ ಅವ್ವ. ನಾನು ಚೀಲ ಹೊತ್ತುಕೊಂಡು ಹಿಂದೆ ಹೋದವಳು.

ಇದೆಲ್ಲ ಶುರುವಾದದ್ದು ದಿಗ್ವ್ರತದಿಂದ. ನಾವು ಜೈನರು. ನಮ್ಮಲ್ಲಿ ವಯಸ್ಸಾದ ಹಾಗೆ ಒಂದೊಂದೇ ನೇಮ ಹಿಡಿಯುತ್ತ ಹೋಗುತ್ತಾರೆ. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ, ಬಟ್ಟೆಯಲ್ಲಿ ಗಾಳಿಸದ ನೀರು ಕುಡಿಯುವುದಿಲ್ಲ, ನೆಲದೊಳಗಿನ ಗಡ್ಡೆ ತಿನ್ನುವುದಿಲ್ಲ. ಇವೆಲ್ಲ ಅವ್ವನಿಗೆ ಯಾವ ಕಾಲದಿಂದಲೋ ಇದ್ದವು. ದಿಗ್ವ್ರತ ಇವುಗಳಿಗಿಂತ ಮುಂದಿನದು. ಮುನಿಗಳ ಎದುರು ಕೂತು ನಾಲ್ಕು ದಿಕ್ಕಿಗೂ ಒಂದೊಂದು ಗುರುತು ಹೇಳಿ ಗಡಿ ಹಾಕಿಕೊಳ್ಳಬೇಕು, ಸಾಯುವ ತನಕ ಆ ಗಡಿ ದಾಟಬಾರದು. ಓಡಾಟ ಕಡಿಮೆಯಾದರೆ ಆಸೆ ಕಡಿಮೆ, ಆಸೆ ಕಡಿಮೆಯಾದರೆ ಹಿಂಸೆ ಕಡಿಮೆ ಅನ್ನುವುದು ಅದರ ತಿರುಳು. ನನಗೆ ಇಂಥ ಯಾವ ನೇಮವೂ ಇಲ್ಲ, ಉಳ್ಳಾಗಡ್ಡಿ ಇಲ್ಲದೆ ನನ್ನ ಒಲೆ ಹೊತ್ತುವುದೇ ಇಲ್ಲ. ಆದರೂ ದಿಗ್ವ್ರತದ ಮೇಲೆ ನನಗೆ ಸಿಟ್ಟಿರಲಿಲ್ಲ. ಅದನ್ನು ಅವ್ವನ ಪರವಾಗಿ ಅಣ್ಣ ಬಾಯಿಪಾಠ ಒಪ್ಪಿಸಿದ್ದಕ್ಕೆ ಸಿಟ್ಟು ಬಂತು.

ಆ ವರ್ಷ ದೀಪಾವಳಿಗೆ ಊರಿಗೆ ಹೋಗಿದ್ದೆ. ಮಾಘದಲ್ಲಿ ಮುನಿಗಳ ಸಂಘ ಊರಿಗೆ ಬರುವುದಿತ್ತು, ಆರು ಜನ ಹೆಂಗಸರು ವ್ರತ ತೆಗೆದುಕೊಳ್ಳುವವರಿದ್ದರು, ಅವರಲ್ಲಿ ಅವ್ವ ಒಬ್ಬಳು. ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಅಣ್ಣ ಬೆರಳು ಮಡಚಿದ.

"ಮೂಡಲಕ್ಕ ಸತ್ತಿ, ಅವ್ವನ ತವರಮನಿ. ಪಡುವಲಕ್ಕ ನಿಪ್ಪಾಣಿ, ನಿನ್ನ ಮನಿ. ತೆಂಕಲಕ್ಕ ರಾಯಬಾಗ, ಹಲ್ಲಿನ ಡಾಕ್ಟರ ಅದಾನ. ಬಡಗಲಕ್ಕ ಕಾಗವಾಡ, ಅವ್ವನ ತಂಗಿ ಮಾವಶಿ ಅದಾಳ. ತೀರ್ಥಕ್ಷೇತ್ರಕ್ಕ ವಿನಾಯಿತಿ ಇಟ್ಕೊಂಡ್ರ ಆತು. ಇಷ್ಟ ಬಿಟ್ಟ ಮತ್ತ ಎಲ್ಲಿ ಹೋಗೂದೈತಿ ಅವ್ವಗ?"

ಅಣ್ಣನ ಹೆಂಡತಿ, ನಮ್ಮ ವೈನಿ, ತಲೆಯಾಡಿಸಿದಳು. ಲೆಕ್ಕವೇನೋ ಸರಿಯೇ ಇತ್ತು. ಅವ್ವ ಹುಟ್ಟಿದಾಗಿನಿಂದ ತಿರುಗಾಡಿದ್ದು ಅಷ್ಟರಲ್ಲೇ. ಯಾತ್ರೆಗೆ ಅಂತ ಎರಡು ಸಲ ಬಸ್ಸಿನಲ್ಲಿ ದೂರ ಹೋಗಿದ್ದಳು, ನಲವತ್ತು ಜನರ ಜೊತೆ. ದಾರಿಯುದ್ದಕ್ಕೂ ಆ ನಲವತ್ತು ಜನರಿಗೆ ಅಡಿಗೆ ಮಾಡಿದ್ದಳು. ಏನು ನೋಡಿದೆ ಎಂದು ಕೇಳಿದರೆ "ಒಲಿ ನೋಡಿದೆ" ಅನ್ನುತ್ತಿದ್ದಳು.

ಆ ದಿನ ಅವ್ವ ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು, "ನಾ ಸಮುದ್ರ ನೋಡಿಲ್ಲ."

"ನೋಡಿ ಏನ ಮಾಡಾಕಿ? ಹೆಂಗೂ ಬಿಡೂದ ಐತಲ್ಲ," ಎಂದ ಅಣ್ಣ.

ಅವ್ವ ಆಗ ತಲೆ ಎತ್ತಿದಳು. "ಲೇ, ನಾ ಎಂದೂ ನೋಡದಿದ್ದದ್ದನ್ನ ಬಿಟ್ರ ಅದು ತ್ಯಾಗ ಹೆಂಗ ಆಗ್ತೈತಿ? ಕೈಯಾಗ ಇದ್ದದ್ದ ಬಿಡಬೇಕು. ನಂದ ಅಲ್ಲದ್ದನ್ನ ಬಿಟ್ಟೆ ಅಂತ ಮುನಿಗಳ ಮುಂದ ಸುಳ್ಳ ಹೇಳ್ಲೇನು?"

ಅವ್ವ ಎದ್ದು ಅಡಿಗೆಮನೆಗೆ ಹೋಗಿ ಬಾಗಿಲ ಹಿಂದೆ ಅಂಟಿಸಿದ್ದ ಒಂದು ಹಾಳೆ ಕಿತ್ತು ತಂದಳು. ಚಿಕ್ಕೋಡಿಯ ಗೊಬ್ಬರದಂಗಡಿಯವರು ಕೊಟ್ಟ ಹಳೆಯ ಕ್ಯಾಲೆಂಡರಿನ ಹಾಳೆ ಅದು. ಮೇಲೆ ಚಿತ್ರ, ಕೆಳಗೆ ತಿಂಗಳು. ಎಣ್ಣೆಯ ಹೊಗೆಗೆ ಹಳದಿಯಾಗಿತ್ತು. ಬಿಳಿ ಮರಳು, ಹಸಿರು ನೀರು, ನೀರಿನ ಕಡೆ ಬಾಗಿದ ಮರಗಳು, ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಅಂಡಮಾನಿನ ಒಂದು ದ್ವೀಪದ ಹೆಸರು. ಆ ಬಾಗಿಲ ಹಿಂದೆ ಎಷ್ಟು ವರ್ಷದಿಂದ ಅದಿತ್ತೋ, ನಾನಂತೂ ಗಮನಿಸಿರಲಿಲ್ಲ. ನನಗೆ ನಾಚಿಕೆಯಾಯಿತು.

"ಸಮುದ್ರ ಬೇಕಂದ್ರ ಗೋವಾ ಐತಿ, ಹತ್ತರ. ಇದ ಯಾಕ?" ಎಂದೆ.

"ಇದರಾಗ ಒಬ್ಬ ಮನಷ್ಯಾನೂ ಇಲ್ಲ ನೋಡ," ಎಂದಳು ಅವ್ವ. "ಯಾರಿಗೂ ಅಡಗಿ ಮಾಡೂದಿಲ್ಲ."

ಅಣ್ಣ ನಕ್ಕ, ಆಮೇಲೆ ಸಿಟ್ಟಾದ. ಕಬ್ಬು ಕಡಿಯುವ ಹಂಗಾಮು, ಗ್ಯಾಂಗಿನವರು ಬಂದು ಇಳಿದಿದ್ದಾರೆ, ಇಂಥದರಲ್ಲಿ ವಿಧವೆ ಮುದುಕಿ ವಿಮಾನ ಹತ್ತಿ ದ್ವೀಪಕ್ಕೆ ಹೋದರೆ ಊರು ಏನು ಅಂದೀತು ಎಂದ. ಕಬ್ಬು ಕಡಿಯುವುದಕ್ಕೂ ಅವ್ವ ಹೋಗುವುದಕ್ಕೂ ಏನು ಸಂಬಂಧ ಎಂದು ನಾನು ಕೇಳಿದೆ. ಸಂಬಂಧ ಇತ್ತು. ಗ್ಯಾಂಗಿನ ಮೇಸ್ತ್ರಿ ಮುಕಾದಮನಿಗೂ ಟ್ರ್ಯಾಕ್ಟರಿನವರಿಗೂ ಹೊತ್ತು ಹೊತ್ತಿಗೆ ಚಹಾ, ರೊಟ್ಟಿ ಆಗುತ್ತಿದ್ದದ್ದು ಅವ್ವನ ಕೈಯಿಂದ. ಮಾಘದೊಳಗೆ ಕರೆದುಕೊಂಡು ಹೋಗುತ್ತೇನೆ ಎಂದು ನಾನು ಅಲ್ಲೇ ಮಾತು ಕೊಟ್ಟೆ. ಆಗದಿದ್ದರೆ ಮುಂದೆಂದೂ ಆಗುವ ಹಾಗಿರಲಿಲ್ಲ.

ಡಿಸೆಂಬರಿನಲ್ಲಿ ಹೊರಟೆವು. ಅವ್ವನ ಚೀಲದಲ್ಲಿ ಎರಡು ಸೀರೆ, ಖಡಕ್ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಹಿಂಡಿ, ಅಕ್ಕಿ, ಬೇಳೆ, ನೀರು ಗಾಳಿಸುವ ದಪ್ಪ ಬಿಳಿ ಬಟ್ಟೆ. ಬೆಳಗಾವಿಯ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅವಳ ನೀರಿನ ತಂಬಿಗೆಯನ್ನು ತಡೆದರು, ಚೆಲ್ಲಿ ಬರಬೇಕು ಎಂದರು. ಗಾಳಿಸಿ ಕಾಯಿಸಿದ ನೀರನ್ನು ಚೆಲ್ಲುವುದೇ? ಅವ್ವ ಅಲ್ಲೇ ನಿಂತು, ಹಿಂದೆ ಅಷ್ಟುದ್ದ ಸಾಲು ಕಾಯುತ್ತಿರುವಾಗ, ಒಂದೇ ಸಮನೆ ಇಡೀ ತಂಬಿಗೆ ಕುಡಿದಳು. ಖಾಲಿ ತಂಬಿಗೆ ಬೋರಲು ಮಾಡಿ ಆ ಹುಡುಗಿಗೆ ತೋರಿಸಿ, "ಈಗ ನೋಡ್ರಿ, ಎಲ್ಲಾ ನನ್ನೊಳಗ ಐತಿ. ನನ್ನೂ ಚೆಲ್ತೀರೇನು?" ಎಂದಳು. ಹುಡುಗಿ ನಕ್ಕು ಬಿಟ್ಟಳು.

ಬೆಂಗಳೂರಿನಲ್ಲಿ ಜೈನ ಧರ್ಮಶಾಲೆಯೊಂದರಲ್ಲಿ ಉಳಿದೆವು. ಮರುದಿನ ಸೂರ್ಯ ಹುಟ್ಟುವ ಮೊದಲೇ ವಿಮಾನ ಏರಿದ್ದರಿಂದ ಅವ್ವ ಏನನ್ನೂ ಮುಟ್ಟಲಿಲ್ಲ. ಅಂಡಮಾನಿನಲ್ಲಿ ಇಳಿದವರು ನೇರ ಬಂದರಿಗೆ ಹೋಗಿ ಹಡಗು ಹಿಡಿದೆವು. ಹಡಗಿನಲ್ಲಿ ಬಾಟಲಿ ನೀರಿತ್ತು, ಅವ್ವ ಅದರ ಕಡೆ ನೋಡಲೂ ಇಲ್ಲ. ರೊಟ್ಟಿಯಾದರೂ ತಿನ್ನು ಎಂದರೆ "ನೀರ ಇಲ್ಲದ ಊಟಕ್ಕ ನಾ ಕುಂದ್ರೂದಿಲ್ಲ, ಮುಟ್ಟಿದ ಮ್ಯಾಲ ಬಿಸಿ ಅನ್ನ ಮಾಡ್ಕೋತೀನಿ" ಎಂದಳು. ಸಮುದ್ರವನ್ನು ಕಿಟಕಿಯ ಗಾಜಿನಿಂದ ನೋಡಿ, "ಇದು ನೋಡಿಧಂಗಲ್ಲ" ಎಂದು ಕಣ್ಣು ಮುಚ್ಚಿ ಕೂತಳು.

ದ್ವೀಪ ಮುಟ್ಟಿದಾಗ ಮೂರು ದಾಟಿತ್ತು. ಊರಿಗಿಂತ ದೂರ, ಕಾಡಿನ ಅಂಚಿನಲ್ಲಿ, ಬಿದಿರಿನ ನಾಲ್ಕೈದು ಗುಡಿಸಲುಗಳ ಒಂದು ವಸತಿ. ಅಡಿಗೆಯವಳು ಒಬ್ಬ ಬಂಗಾಳಿ ಹೆಂಗಸು, ಅವ್ವನಿಗಿಂತ ಹತ್ತು ವರ್ಷ ಚಿಕ್ಕವಳಿರಬೇಕು. ಅವಳಿಗೆ ಹರಕು ಹಿಂದಿ, ಅವ್ವನಿಗೆ ನಮ್ಮ ಗಡಿಯ ಮರಾಠಿ. ಇಬ್ಬರೂ ಅದರಲ್ಲೇ ನನ್ನನ್ನು ಕೇಳದೆ ಒಪ್ಪಂದ ಮಾಡಿಕೊಂಡರು. ಅಡಿಗೆಯವಳು ಒಲೆ ತೊಳೆದು ಅವ್ವನಿಗೆ ಬಿಟ್ಟುಕೊಟ್ಟಳು. ಅವ್ವ ಬಾವಿಯ ನೀರು ಗಾಳಿಸಿ ಒಂದು ತಂಬಿಗೆ ಕುಡಿದು, ಬಟ್ಟೆಯಲ್ಲಿ ಉಳಿದದ್ದನ್ನು ಮರಳಿ ಬಾವಿಗೇ ಬಿಟ್ಟಳು. ಆ ಬಟ್ಟೆಯಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ, ಎಲ್ಲಿಂದ ತೆಗೆದದ್ದೋ ಅಲ್ಲಿಗೇ ಬಿಡಬೇಕು. ಆಮೇಲೆ ಸ್ನಾನಕ್ಕೆ ಹೋದಳು.

"ಗಡಬಡ ಮಾಡಬ್ಯಾಡ," ಎಂದೆ ನಾನು. "ಇನ್ನೂ ನಾಕ ಆಗಿಲ್ಲ. ನಮ್ಮಲ್ಲಿ ಆರರ ತನಕಾ ಸೂರ್ಯಾ ಇರ್ತಾನ. ಐದಕ್ಕ ಉಂಡ್ರ ಬೇಕಾದಷ್ಟಾತು."

ಹೇಳಿದವಳು ಯಾರು? ಏಳನೆಯ ತರಗತಿಗೆ ರೇಖಾಂಶದ ಪಾಠ ಮಾಡುವವಳು. ಮೂಡಣ ದಿಕ್ಕಿಗೆ ಹೋದಷ್ಟೂ ಸೂರ್ಯ ಬೇಗ ಹುಟ್ಟಿ ಬೇಗ ಮುಳುಗುತ್ತಾನೆ, ದೇಶಕ್ಕೆಲ್ಲ ಗಡಿಯಾರ ಒಂದೇ ಆದರೂ ಹಗಲು ಒಂದೇ ಅಲ್ಲ ಎಂದು ಗ್ಲೋಬು ತಿರುಗಿಸಿ ತಿರುಗಿಸಿ ಹೇಳುವವಳು. ಅವ್ವ ಅನ್ನ, ಬೇಳೆ ಇಳಿಸಿ, ತಾಟು ಹಾಕಿ ಕೂತಾಗ ನನ್ನ ಕೈಗಡಿಯಾರದಲ್ಲಿ ಐದು. ಗುಡಿಸಲಿನ ಹಿಂದೆ ಕಾಡು, ಸೂರ್ಯ ಇಳಿದದ್ದೇ ಕಂಡಿರಲಿಲ್ಲ. ಅಡಿಗೆಯವಳು ದೀಪ ಹಚ್ಚಿಕೊಂಡು ಒಳಗೆ ಬಂದಳು. ಅವ್ವ ಎದ್ದು ಬಾಗಿಲಿಗೆ ಹೋಗಿ ಆಕಾಶ ನೋಡಿದಳು. ತಿರುಗಿ ಬಂದು ತಾಟು ಪಕ್ಕಕ್ಕೆ ಸರಿಸಿದಳು.

ಹಿಂದಿನ ಸಂಜೆಯಿಂದ ಆ ಮುದುಕಿಯ ಹೊಟ್ಟೆಗೆ ಒಂದು ಅಗುಳು ಬಿದ್ದಿರಲಿಲ್ಲ. ನನ್ನ ಭೂಗೋಳವೆಲ್ಲ ಪುಸ್ತಕದ ಬದನೆಕಾಯಿ ಆಯಿತಲ್ಲ ಎಂದು ಮೈ ಉರಿಯಿತು. ನನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸಿದೆ.

"ನಮ್ಮೂರಾಗ ಇನ್ನೂ ಬಿಸಲ ಐತಿ ಅವ್ವಾ! ಬೇಕಾದ್ರ ಅಣ್ಣಗ ಫೋನ ಹಚ್ಚಿ ಕೇಳ. ನಮ್ಮೂರಿನ ಸೂರ್ಯಾ ಮುಳುಗಿಲ್ಲ, ಉಣ್ಣ!"

"ನಾ ಈಗ ನಿಮ್ಮಣ್ಣನ ಪಡಸಾಲ್ಯಾಗ ಅದೀನೇನು?" ಎಂದಳು ಅವ್ವ. "ಇಲ್ಲಿ ಅದೀನಿ. ಇಲ್ಲಿ ಸೂರ್ಯಾನ ನನ್ನ ಸೂರ್ಯಾ."

"ಯಾರ ನೋಡ್ತಾರ ಇಲ್ಲಿ?"

"ನಾ ನೋಡ್ತೀನಲ್ಲ."

ನಿನ್ನ ನೇಮ ನಿನ್ನನ್ನೇ ಸುಡಲಿ ಎಂದುಬಿಟ್ಟೆ. ಅವ್ವ ಸ್ವಲ್ಪವೂ ಬೇಸರ ಮಾಡಿಕೊಳ್ಳದೆ, "ಸುಡಲಿ ಬಿಡ, ನಂದ ಐತಿ" ಎಂದಳು. ಆ ಅನ್ನವನ್ನು ಅಡಿಗೆಯವಳೂ ನಾನೂ ಉಂಡೆವು. ನಾನು ಸಿಟ್ಟಿನಲ್ಲಿ ಎರಡು ಪಾಲು ಉಂಡೆ.

ಬೆಳಿಗ್ಗೆ ಎಚ್ಚರವಾದಾಗ ಐದೂವರೆ, ಹೊರಗೆ ಬೆಳಕು ಹರಿದಿತ್ತು. ಅವ್ವ ಆಗಲೇ ಒಲೆ ಹಚ್ಚಿದ್ದಳು. ಆರೂವರೆಗೆ ಬಿಸಿ ಅನ್ನ ಉಂಡು, ತೇಗಿ, ಅಣ್ಣನಿಗೆ ಫೋನ್ ಹಚ್ಚಲು ಹೇಳಿದಳು. ಅತ್ತ ಕಡೆಯಿಂದ ನಿದ್ದೆಗಣ್ಣಿನ ದನಿ, "ಇನ್ನೂ ನಸಕ ಹರದಿಲ್ಲವಾ, ಏನಾತು?" ಎಂದು ಗಾಬರಿಯಾಯಿತು.

"ಏನೂ ಆಗಿಲ್ಲ. ನಂದ ಊಟಾ ಆತು," ಎಂದಳು ಅವ್ವ. "ನೀ ಮಲಕೋ." ಫೋನು ಕೊಟ್ಟು ನನಗೆ ಹೇಳಿದಳು, "ಸಂಜಿದ ಕಸಗೊಂಡಾಂವ ಮುಂಜಾನೆ ತಿರಗಿ ಕೊಟ್ಟ ನೋಡ."

ಸಮುದ್ರದ ದಂಡೆಗೆ ಒಂದು ಫರ್ಲಾಂಗು ದೂರ. ಮರಗಳು ಮುಗಿದದ್ದೇ ತಡ, ಬಿಳಿ ಮರಳು, ಹಸಿರು ನೀರು, ಒಬ್ಬ ಮನುಷ್ಯನೂ ಇಲ್ಲ. ಗೊಬ್ಬರದಂಗಡಿಯ ಹಾಳೆ ಸುಳ್ಳು ಹೇಳಿರಲಿಲ್ಲ. ಅವ್ವ ಚಪ್ಪಲಿ ಬಿಟ್ಟು, ಸೀರೆ ಮೇಲೆತ್ತಿ, ಒಂದು ಕಾಲು ಮರಳಿಗೆ ಇಡಹೋಗಿ ಹಾಗೇ ನಿಂತಳು.

ಮರಳಿನ ಮೇಲಿದ್ದ ಶಂಖ, ಚಿಪ್ಪುಗಳೆಲ್ಲ ನಡೆಯುತ್ತಿದ್ದವು. ಒಂದೊಂದರ ಒಳಗೂ ಒಂದೊಂದು ಸಣ್ಣ ಏಡಿ. ಕಡಲೆಕಾಳಿನಷ್ಟು, ಅಡಿಕೆಯಷ್ಟು, ನಿಂಬೆಹಣ್ಣಿನಷ್ಟು. ನೀರು ಇಳಿದು ದೂರ ಹೋಗಿತ್ತು, ನಡುವೆ ನೂರು ಹೆಜ್ಜೆಯ ಮರಳು, ಅದರ ತುಂಬ ಇವು. ಇರುವೆಯ ಸಾಲು ಕಂಡರೆ ಸುತ್ತು ಹಾಕಿ ಹೋಗುವವಳು ಅವ್ವ. ಅಂಗಳ ಗುಡಿಸುವಾಗ ಸೆರಗಿನಷ್ಟು ಮೆತ್ತಗೆ ಕಸಬರಿಗೆ ಆಡಿಸುವವಳು. ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

"ನೋಡಕೋತ ಹೋದ್ರಾತು, ನಾ ದಾರಿ ಮಾಡಿಕೊಡ್ತೀನಿ," ಎಂದೆ. ಬಾಗಿ ಬದಿಗೆ ಸರಿಸಿದೆ. ಸರಿಸಿದಷ್ಟೂ ತಿರುಗಿ ಬಂದವು. ಮರಳಿನೊಳಗಿಂದಲೂ ಎದ್ದವು. ಎತ್ತಿಕೊಂಡು ಹೋಗುತ್ತೇನೆ ಎಂದೆ. "ನಿನ್ನ ಕಾಲ ಕೆಳಗ ಸತ್ರ ಪಾಪ ನಂದ ಅಲ್ಲೇನು?" ಎಂದಳು. ಮರಗಳ ಅಂಚಿನಲ್ಲಿ ಒಂದು ದೊಡ್ಡ ಮರ ಬುಡಸಮೇತ ಬಿದ್ದು, ಉಪ್ಪುಗಾಳಿಗೆ ತೊಗಟೆ ಕಳಚಿ ಬೆಳ್ಳಗಾಗಿತ್ತು. ಅವ್ವ ಅದರ ಮೇಲೆ ಕೂತಳು. ಮುಖ ಸಣ್ಣದಾಗಿತ್ತು. ಅಷ್ಟು ದೂರ ಬಂದು, ಸಮುದ್ರ ಕಣ್ಣೆದುರೇ ಇದ್ದು, ಮುಟ್ಟದೆ ಹೋಗುವುದೇ? ನಮ್ಮ ವಾಪಸು ಹಡಗು ಅದೇ ಮಧ್ಯಾಹ್ನ. ಬಂದರಿಗೆ ಹೋಗುವ ಜೀಪು ಹನ್ನೊಂದೂವರೆಗೆ ಹೊರಡುವುದಿತ್ತು. ಮಾಘಕ್ಕೆ ಎರಡು ತಿಂಗಳೂ ಇರಲಿಲ್ಲ.

ಅಡಿಗೆಯವಳು ಕಟ್ಟಿಗೆ ಆರಿಸುತ್ತ ಆ ಕಡೆ ಬಂದಳು. ಅವ್ವನನ್ನು ನೋಡಿದಳು, ಏಡಿಗಳನ್ನು ನೋಡಿದಳು. ನಾನು ಏನೂ ವಿವರಿಸಬೇಕಾಗಲಿಲ್ಲ. ಬಿದ್ದ ಮರದ ಬುಡದಲ್ಲಿ ಅಂಟಿದ್ದ ಹಸಿ ಪಾಚಿಯನ್ನು ಬೆರಳಿನಿಂದ ತೋರಿಸಿದಳು. ದಿನಾ ನೀರು ಇಲ್ಲಿಯವರೆಗೆ ಬರುತ್ತದೆ, ಇವತ್ತು ಮಧ್ಯಾಹ್ನದ ಹೊತ್ತಿಗೆ ಬರುತ್ತದೆ, ಅಮ್ಮನಿಗೆ ಸುಮ್ಮನೆ ಕೂತಿರಲು ಹೇಳು ಎಂದು ಹಿಂದಿಯಲ್ಲಿ ಹೇಳಿ ಹೋದಳು.

ಅವ್ವನ ಮುಖ ಅರಳಿತು. ಕಾಲು ಇಳಿಬಿಟ್ಟು ಸರಿಯಾಗಿ ಕೂತಳು. "ಚಲೋ ಆತು. ಎಪ್ಪತ್ತ ವರ್ಷ ಎಲ್ಲಾರ ಕಡೆ ನಾನ ಎದ್ದ ಹೋಗೇನಿ. ಇವತ್ತ ಅದ ಬರಲಿ."

ಅದು ಬರತೊಡಗಿತು. ಸಮುದ್ರಕ್ಕೇನು ಅವಸರ. ಒಂದು ಅಲೆ ಮುಂದೆ ಬಂದರೆ ಎರಡು ಅಲ್ಲೇ ನಿಲ್ಲುತ್ತಿದ್ದವು. ಏಡಿಗಳು ನೀರಿಗಿಂತ ಮುಂಚೆ ಮರಗಳ ಕಡೆ ಸರಿಯತೊಡಗಿದವು. ಅವ್ವ ಮಾತಾಡಲಿಲ್ಲ, ಜಪ ಮಾಡಲಿಲ್ಲ, ಯಾರಿಗಾಗಿಯೂ ಏನನ್ನೂ ಬಿಡಿಸಲಿಲ್ಲ, ಹೆಚ್ಚಲಿಲ್ಲ, ಆರಿಸಲಿಲ್ಲ. ಸುಮ್ಮನೆ ಮೂರು ತಾಸು ಕೂತಳು. ಅವಳ ಕೈಗಳು ಖಾಲಿ ಇದ್ದದ್ದನ್ನು ನಾನು ನನ್ನ ಜೀವಮಾನದಲ್ಲಿ ಮೊದಲ ಸಲ ನೋಡಿದೆ.

ಹನ್ನೊಂದೂವರೆಗೆ ಜೀಪಿನವನು ಹಾರ್ನ್ ಹೊಡೆದ. ನೀರು ಇನ್ನೂ ಹತ್ತು ಹೆಜ್ಜೆ ಆಚೆ ಇತ್ತು. ಮತ್ತೆ ಹೊಡೆದ. ಆಮೇಲೆ ಜೀಪಿನಿಂದ ಇಳಿದು ಓಡುತ್ತ ಬಂದು, ಬೇರೆ ಪ್ರವಾಸಿಗರು ಕಾಯುತ್ತಿದ್ದಾರೆ, ಹಡಗು ತಪ್ಪಿದರೆ ವಿಮಾನವೂ ತಪ್ಪುತ್ತದೆ, ನೀರು ಅಲ್ಲೇ ಇದೆಯಲ್ಲ, ಹತ್ತು ಹೆಜ್ಜೆ ನಡೆದು ಮುಟ್ಟಿ ಬನ್ನಿ ಎಂದ. ಹತ್ತು ಹೆಜ್ಜೆಯಲ್ಲಿ ಆಗಲೂ ಏಡಿಗಳಿದ್ದವು. ಹಿಂದಿನ ಸಂಜೆ ಅವ್ವನಿಗೆ ಯಾರು ನೋಡುತ್ತಾರೆ ಎಂದಿದ್ದ ನಾನೇ ಈಗ ದಾರಿಗೆ ಅಡ್ಡ ನಿಂತೆ. ನನ್ನ ಶಾಲೆಯ ಹಿಂದಿಯಲ್ಲಿ ಹೇಳಿದೆ: ಹೋಗುವುದಾದರೆ ನೀವು ಹೋಗಿ. ನಮ್ಮವ್ವ ಏಳುವುದಿಲ್ಲ, ನಾನೂ ಎಬ್ಬಿಸುವುದಿಲ್ಲ. ಹಡಗು ತಪ್ಪಲಿ, ವಿಮಾನ ತಪ್ಪಲಿ, ಬೇಕಾದರೆ ನನ್ನ ನೌಕರಿಯೂ ತಪ್ಪಲಿ. ಅವನು ಏನೋ ಗೊಣಗಿದ. ಪಾಪ, ಅವನ ತಪ್ಪೇನಿರಲಿಲ್ಲ. ಆದರೆ ನಾನು ಆ ಕ್ಷಣ ಅವನ ಜೊತೆ ಮಾತಾಡುತ್ತಿರಲಿಲ್ಲ, ಪಡಸಾಲೆಯಲ್ಲಿ ಬೆರಳು ಮಡಚಿದ ಅಣ್ಣನ ಜೊತೆ ಮಾತಾಡುತ್ತಿದ್ದೆ.

ಅವನು ವಾಪಸು ಜೀಪಿನ ಕಡೆ ನಡೆಯುವಾಗ ಒಂದು ಅಲೆ ಉಳಿದವುಗಳಿಗಿಂತ ಮುಂದೆ ಬಂತು. ಬಿದ್ದ ಮರದ ಬುಡ ಮುಟ್ಟಿತು. ಅವ್ವನ ಎರಡೂ ಪಾದ ಮುಚ್ಚಿತು, ಸೀರೆಯ ಅಂಚು ತೋಯಿಸಿತು.

ಅವ್ವ ಕೈಮುಗಿಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಸೊಂಟದಿಂದ ನೀರು ಗಾಳಿಸುವ ಬಟ್ಟೆ ತೆಗೆದಳು. ಎರಡು ಪದರ ಮಾಡಿ, ಜೊತೆಗೆ ತಂದಿದ್ದ ತಂಬಿಗೆಯ ಬಾಯಿಗೆ ಹಿಡಿದು, ಬಾಗಿ, ಮುಂದಿನ ಅಲೆಯನ್ನು ಅದರ ಮೇಲೆ ಬರಮಾಡಿಕೊಂಡಳು. ತಂಬಿಗೆಯ ತಳದಲ್ಲಿ ಸ್ವಲ್ಪ ನೀರು ಇಳಿಯಿತು. ಬಟ್ಟೆಯನ್ನು ಮಗುಚಿ ಸಮುದ್ರದಲ್ಲೇ ಜಾಲಾಡಿಸಿ "ಇದರದ್ದ ಇದಕ್ಕ" ಎಂದಳು. ಆಮೇಲೆ ತಂಬಿಗೆಯಲ್ಲಿ ಬೆರಳು ಅದ್ದಿ ಒಂದು ಹನಿ ನಾಲಿಗೆಗೆ ಮುಟ್ಟಿಸಿದಳು.

"ಉಪ್ಪ ಭಾಳ ಆಗೇತಿ," ಎಂದಳು. "ನಾ ಮಾಡಿದ್ದಲ್ಲ, ನನಗ ಯಾರೂ ಅನ್ನೂ ಹಂಗಿಲ್ಲ."

ಜೀಪು ಕಾದಿತ್ತು. ಒಳಗಿದ್ದವರು ಮುಖ ಗಂಟಿಕ್ಕಿ ಕೂತಿದ್ದರು. ಅವ್ವ ಒದ್ದೆ ಸೀರೆಯಲ್ಲೇ ಅವರ ನಡುವೆ ಕೂತಳು. ಹಡಗು ಸಿಕ್ಕಿತು.

ಮಾಘದಲ್ಲಿ ಸಂಘ ಬಂತು. ಬಸದಿಯ ಅಂಗಳದಲ್ಲಿ ಆರು ಹೆಂಗಸರು ಸಾಲಾಗಿ ಕೂತಿದ್ದರು, ಹಿಂದೆ ಮನೆಯವರು. ಹಿರಿಯ ಮುನಿಗಳು ಒಬ್ಬೊಬ್ಬರನ್ನೇ ಕೇಳುತ್ತಿದ್ದರು, ಅವರು ಊರುಗಳನ್ನು ಹೇಳುತ್ತಿದ್ದರು. ಅವ್ವನ ಸರದಿ ಬಂತು. ಪಡುವಲಕ್ಕೆ ನಿಪ್ಪಾಣಿ, ಮಗಳ ಮನೆ ಎಂದಳು. ತೆಂಕಲಕ್ಕೆ ರಾಯಬಾಗ, ಬಡಗಲಕ್ಕೆ ಕಾಗವಾಡ ಎಂದಳು. ಮೂಡಲಕ್ಕೆ ಎಂದು ಮುನಿಗಳು ಕೇಳಿದಾಗ ಅಣ್ಣ ಹಿಂದಿನಿಂದ "ಸತ್ತಿ" ಎಂದು ಪಿಸುಗುಟ್ಟಿದ.

"ಮೂಡಲಕ್ಕ ಸಮುದ್ರ ದಾಟಿ ಒಂದ ದ್ವೀಪ ಐತ್ರಿ ಮಹಾರಾಜ್ರ," ಎಂದಳು ಅವ್ವ. "ಅಲ್ಲಿ ತನಕ."

ಅಂಗಳದಲ್ಲಿ ಗುಸುಗುಸು ಎದ್ದಿತು. ಒಬ್ಬಳು ಸೆರಗಿನಲ್ಲಿ ನಕ್ಕಳು. ಮುನಿಗಳು ಕೈಯೆತ್ತಿ ಸುಮ್ಮನಾಗಿಸಿದರು.

"ಮತ್ತ ಅಲ್ಲಿಗೆ ಹೋಗೂದೈತೇನಮ್ಮ?"

"ಇಲ್ಲರಿ. ಹೋಗೂದಿಲ್ಲ. ನೋಡಿ ಬಂದೇನಿ, ಸಾಕ್ರಿ. ಆದ್ರ ಹೋಗದಿದ್ರೂ ಅದು ನನ್ನ ಗಡಿ ಒಳಗ ಇರಬೇಕ್ರಿ. ಹೊರಗ ಹಾಕೂದಿಲ್ಲ."

ಮುನಿಗಳು ಅವಳ ಕಡೆ ಬಾಗಿದರು. "ಗಡಿ ಅಂದ ಮ್ಯಾಲ ಗುರುತ ಬೇಕು. ಏನ ಗುರುತ?"

"ಒಂದ ಬಿದ್ದ ಮರ ಐತ್ರಿ," ಎಂದಳು ಅವ್ವ. "ನಾ ಎದ್ದ ಹೋಗಿಲ್ಲರಿ. ನೀರ ಅಲ್ಲಿ ತನಕಾ ಬಂದ ನನ್ನ ಕಾಲ ಮುಟ್ಟೇತ್ರಿ."

ಮುನಿಗಳು ನವಿಲುಗರಿಯ ಪಿಂಛಿ ಎತ್ತಿ ಅವಳ ತಲೆಯ ಮೇಲೆ ಹಿಡಿದು ವ್ರತ ಕೊಟ್ಟರು. ಅಣ್ಣನ ಸತ್ತಿ ಅವನ ಬಾಯಲ್ಲೇ ಉಳಿಯಿತು.